ವಿಮಾನ ಹತ್ತಿದ ಜೋಳದ ಚೀಲ

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಓಣಿಯ ಬಾಯಿಗೆ ಒಂದು ಹಂಪ್ ಇದೆ. ಅದನ್ನು ಯಾರು ಹಾಕಿದರು, ಯಾರ ಆದೇಶದ ಮೇಲೆ ಹಾಕಿದರು ಎಂಬುದಕ್ಕೆ ಎಲ್ಲಿಯೂ ದಾಖಲೆ ಇಲ್ಲ. ಮೂವತ್ತೊಂದು ವರ್ಷ ಸರ್ವೆ ಖಾತೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ದಾಖಲೆ ಇಲ್ಲದ ವಸ್ತುಗಳ ಮೇಲೆ ಮೊದಲಿನಿಂದಲೂ ಸಿಟ್ಟು. ಆದ್ದರಿಂದ ನಾನೇ ಒಂದು ದಿನ ಟೇಪು ಹಿಡಿದು ಅಳೆದೆ. ಎತ್ತರ ಆರೂವರೆ ಇಂಚು. ಈ ಆರೂವರೆ ಇಂಚು ನಮ್ಮ ಎದುರುಮನೆಯ ಗುರುಪಾದಯ್ಯನವರ ಸಂಸಾರವನ್ನು ಹದಿನಾಲ್ಕು ವರ್ಷ ಎರಡು ಗಾಡಿಗಳಲ್ಲಿ ಓಡಾಡಿಸಿತು. ಕೊನೆಗೆ ಅವರನ್ನು ಆಕಾಶಕ್ಕೂ ಹತ್ತಿಸಿತು.

ನಡೆದದ್ದು ಇಷ್ಟು. ಹದಿನಾಲ್ಕು ವರ್ಷದ ಹಿಂದೆ ಗುರುಪಾದಯ್ಯನವರು ಹೆಂಡತಿ ಸೌಭಾಗ್ಯಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಿಡೋಣಿಗೆ, ಬೀಗರ ಮನೆಯ ವಾಸ್ತುಶಾಂತಿಗೆ ಹೊರಟರು. ಸೌಭಾಗ್ಯಕ್ಕನ ತೊಡೆಯ ಮೇಲೆ ಶೇಂಗಾ ಹೋಳಿಗೆ ತುಂಬಿದ ಸ್ಟೀಲಿನ ಡಬ್ಬಿ. ಹಂಪಿನ ಮೇಲೆ ಸ್ಕೂಟರು ಒಮ್ಮೆ ಪುಟಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ತಾನಾಗಿಯೇ ಕೂರುತ್ತಿತ್ತು. ಇವರು ಗಾಬರಿಬಿದ್ದು ಮುಂದಿನ ಬ್ರೇಕು ಹಿಂಡಿದರು. ಸ್ಕೂಟರು ಮೂಗು ಊರಿ ಮತ್ತೊಮ್ಮೆ ಪುಟಿಯಿತು. ಅದನ್ನು ಸರಿಮಾಡಲು ಹ್ಯಾಂಡಲ್ಲು ಎಡಕ್ಕೆ ಎಳೆದರು. ಮೂರನೆಯ ಸಲ ಸ್ಕೂಟರು ನೆಲಕ್ಕೆ ಬಂದಾಗ ಸೌಭಾಗ್ಯಕ್ಕ ಕಬ್ಬಿನ ಹಾಲಿನ ಗಾಡಿಯ ಮೇಲೆ ಕೂತಿದ್ದರು, ಹೋಳಿಗೆ ಪೇಟೆಯ ತುಂಬ ಹರಡಿತ್ತು.

ಆ ತಾಯಿ ಒಂದು ಮಾತೂ ಆಡಲಿಲ್ಲ. ಎದ್ದು ಸೀರೆ ಝಾಡಿಸಿ, ನೆಗ್ಗಿದ ಡಬ್ಬಿಯನ್ನು ಎತ್ತಿಕೊಂಡು, ಎದುರು ನಿಂತಿದ್ದ ಸಿಕಂದರನ ಆಟೋ ಹತ್ತಿ ನಿಡೋಣಿಗೆ ಹೋದರು. ಬೈದಿದ್ದರೆ ಗುರುಪಾದಯ್ಯನವರು ಅಂದೇ ಬಚಾವಾಗುತ್ತಿದ್ದರು. ಅಂದಿನಿಂದ ಆ ಮನೆಯವರು ಎಲ್ಲಿಗೆ ಹೊರಟರೂ ಮುಂದೆ ಸಿಕಂದರನ ಆಟೋ, ಅದರಲ್ಲಿ ಸೌಭಾಗ್ಯಕ್ಕ. ಹಿಂದೆ ಸ್ಕೂಟರು, ಅದರ ಮೇಲೆ ಗುರುಪಾದಯ್ಯನವರು. ಅದೂ ಹಂಪ್ ಬಂದೊಡನೆ ಕೆಳಗಿಳಿದು ಸ್ಕೂಟರನ್ನು ಕೈಯಲ್ಲಿ ನೂಕಿ ದಾಟಿಸಿ ಮತ್ತೆ ಹತ್ತುವರು. ಪೇಟೆಯ ಮಕ್ಕಳು ಅದೊಂದು ರಸ್ತೆಯ ನಿಯಮವೆಂದೇ ತಿಳಿದು ಬೆಳೆದಿವೆ.

ಗುರುಪಾದಯ್ಯನವರು ಕೆಟ್ಟವರಲ್ಲ. ಟಾರ್ಪಾಲಿನ ತಾಡಪತ್ರಿ, ಹಗ್ಗ, ದ್ರಾಕ್ಷಿ ಚಪ್ಪರದ ತಂತಿ ಮಾರುವ ಅಂಗಡಿ ಅವರದು. ತೊಂದರೆ ಏನೆಂದರೆ ಅವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಕುರ್ಚಿಯ ಮೇಲೆ ಕೂತರೂ ಮೊಣಕಾಲು ಕುಣಿಯುತ್ತಿರುತ್ತದೆ. ಒಂದು ತಪ್ಪಾದರೆ ಅದನ್ನು ಅಲ್ಲಿಯೇ, ಆಗಲೇ, ಎಲ್ಲರೆದುರೇ ಸರಿಮಾಡಬೇಕು. ಒಮ್ಮೆ ಪೇಟೆಯ ಹಿರಿಯರೊಬ್ಬರು ತೀರಿಕೊಂಡ ಮನೆಗೆ ಮಾತಾಡಿಸಲು ಹೋಗಿ, ಹೊರಡುವಾಗ ಅಂಗಡಿಯ ರೂಢಿಯಂತೆ ಕೈಮುಗಿದು, "ಇನ್ನ ಮುಂದೂ ಹಿಂಗ ಸೇವಾ ಮಾಡಾಕ ಅವಕಾಶ ಕೊಡ್ರಿ" ಎಂದರು. ಬೇರೆ ಯಾರಾದರೂ ಆಗಿದ್ದರೆ ತಲೆತಗ್ಗಿಸಿ ಹೊರಗೆ ಬರುತ್ತಿದ್ದರು. ಇವರು ತಿರುಗಿ ನಿಂತು, "ಹಂಗಲ್ಲರಿ, ಅಂಗಳದಾಗ ಕಟ್ಟಿದ್ದು ನಮ್ಮ ಅಂಗಡಿ ತಾಡಪತ್ರಿ, ಅದಕ್ಕ ಅಂದೆ" ಎಂದರು. ಜನರ ಮುಖ ನೋಡಿ ಅದೂ ಸರಿಹೋಗಲಿಲ್ಲ ಎನಿಸಿ, "ಗಟ್ಟಿ ಮಾಲು ಐತ್ರಿ, ಇನ್ನೂ ನಾಕ ಮಂದಿಗೆ ಬರತೈತಿ" ಎಂದರು. ಆಮೇಲೆ ಅವರನ್ನು ಹೊರಗೆ ಎಳೆದುಕೊಂಡು ಬಂದವನು ನಾನು.

ಇಂಥವರಿಗೆ ವಿಮಾನದ ಹುಚ್ಚು ಹಿಡಿಯಿತು. ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಮಡ್ಡಿಯ ಮೇಲೆ, ಆ ಕಲ್ಲು ದಿಣ್ಣೆಯ ಬಯಲಿನಲ್ಲಿ, ವಿಮಾನ ನಡೆಸಲು ಕಲಿಸುವ ಶಾಲೆಯೊಂದು ಬಂದಿದೆ. ನಾಲ್ಕು ಸೀಟಿನ ಎರಡು ಸಣ್ಣ ವಿಮಾನ, ಒಂದು ತಗಡಿನ ಶೆಡ್ಡು, ಒಂದು ರನ್‌ವೇ. ವಿಮಾನಗಳಿಗೆ ಹೊದಿಸಲು ತಾಡಪತ್ರಿ ಬೇಕೆಂದು ಅವರು ಕೇಳಿದರು. ತಲುಪಿಸಲು ಹೋದ ಗುರುಪಾದಯ್ಯನವರು ಅಲ್ಲಿಯ ಶಿಕ್ಷಕಿ ಕ್ಯಾಪ್ಟನ್ ಸುರೈಯಾ ವಿಮಾನ ಇಳಿಸಿದ್ದನ್ನು ಕಂಡರು. ಗಾಲಿ ನೆಲಕ್ಕೆ ತಾಗಿದ್ದು ಗೊತ್ತಾಗಲೇ ಇಲ್ಲವಂತೆ. ಮನೆಗೆ ಬಂದವರು ನೇರ ಅಡುಗೆಮನೆಗೆ ಹೋದರು.

"ನಾ ವಿಮಾನ ಕಲೀಬೇಕಂತ ಮಾಡೇನಿ," ಎಂದರು.

ಸೌಭಾಗ್ಯಕ್ಕ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಸ್ಕೂಟರ್ ಸಾಕಾತೇನ್ರಿ?"

"ಆಕಾಶದಾಗ ಹಂಪ್ ಇರಂಗಿಲ್ಲ."

"ಇಳಿಯೂದು ನೆಲಕ್ಕ ಅಲ್ಲೇನ್ರಿ?"

ಇಲ್ಲಿಗೆ ನಿಲ್ಲಿಸಬಹುದಿತ್ತು. "ನಾ ಒಬ್ಬನ ಹಾರಸ್ತೇನಿ, ಒಬ್ಬನ ಇಳಸ್ತೇನಿ," ಎಂದರು. ಅದೂ ಸಾಲದೆನಿಸಿ, "ಸಂಕ್ರಾಂತಿ ಆದ ಮ್ಯಾಲ, ಜನವರಿ ಕಡೀ ರವಿವಾರ. ನಿಮ್ಮ ಅವ್ವನ್ನ ಕರಸ್ತೇನಿ. ಬಿಜ್ಜರಗಿ ಊರಿಗೆ ಊರನ್ನ ಕರಸ್ತೇನಿ," ಎಂದುಬಿಟ್ಟರು. ಆಗಿನ್ನೂ ಮೇ ತಿಂಗಳು.

ರೊಟ್ಟಿಯ ಸಪ್ಪಳ ನಿಂತಿತು. "ಆತು," ಎಂದರು ಸೌಭಾಗ್ಯಕ್ಕ. "ನೀವು ಒಬ್ಬರ ಹಾರಿ, ಒಬ್ಬರ ಇಳದು, ಕೈಕಾಲು ನೆಟ್ಟಗಿಟ್ಕೊಂಡು ನನ್ನ ಮುಂದ ಬಂದು ನಿಂದರ್ರಿ. ಅವತ್ತ ನಿಮ್ಮ ಸ್ಕೂಟರ್ ಹತ್ತೇನಿ."

ಗುರುಪಾದಯ್ಯನವರು ಚಪ್ಪಲಿ ಮೆಟ್ಟದೆ ನಮ್ಮ ಮನೆಗೆ ಓಡಿ ಬಂದರು. "ಪರಸಪ್ಪರ, ಹದಿನಾಕ ವರ್ಷದಾಗ ಆಕಿ ಬಾಯಾಗ ನನ್ನ ಸ್ಕೂಟರ್ ಹೆಸರು ಬಂದಿದ್ದು ಇವತ್ತ ನೋಡ್ರಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಹೆಂಡತಿ ಹನಮವ್ವ ಚಹಾ ತಂದಿಟ್ಟು, "ವಿಮಾನ ಕಲಿಯೂಕಿಂತ ಒಂದ ಮಾತು ತಪ್ಪಾತು ಅಂತ ಕೇಳೂದು ಸಸ್ತಾ ಇತ್ತಲ್ರಿ ಅಯ್ನೋರ," ಎಂದಳು. ಅವರು ಆಗಲೇ ಮೂರು ಸಲ ತಪ್ಪಾಯಿತೆಂದು ಕೇಳಿದ್ದರಂತೆ, ಮೂರು ಸಲವೂ ಕೆಟ್ಟಿತ್ತಂತೆ. ಮೂರನೆಯ ಸಲ ಕೇಳುವಾಗ, ಬಿದ್ದದ್ದು ಆಕೆ ಡಬ್ಬಿ ಸರಿಯಾಗಿ ಹಿಡಿಯದ್ದಕ್ಕೆ ಎಂದು ವಿವರಿಸಿದ್ದರಂತೆ.

ಅವರು ಶಾಲೆ ಸೇರಿದರು. ವೈದ್ಯರು ಪರೀಕ್ಷಿಸಿ ಪಾಸು ಮಾಡಿದರು, ಪುಸ್ತಕದ ಪರೀಕ್ಷೆಯಲ್ಲೂ ಪಾಸಾದರು. ವಾರಕ್ಕೆರಡು ದಿನ ಅವರ ಜೊತೆ ಮಡ್ಡಿಗೆ ಹೋಗಿ ತಂತಿ ಬೇಲಿಯ ಆಚೆ ಬೇವಿನ ಗಿಡದ ಕೆಳಗೆ ಕೂರುವುದು ನನ್ನ ಕೆಲಸವಾಯಿತು. ಮೇಲೆ ಹೋದ ಮೇಲೆ ನಮ್ಮ ಅಯ್ನೋರು ಚೆನ್ನಾಗಿಯೇ ಹಾರಿಸುತ್ತಿದ್ದರು. ಸುರೈಯಾ ಅವರೇ ಹೊಗಳಿದರು. ಈ ಹುಡುಗಿ ವಿಜಯಪುರದವಳೇ. ತಂದೆ ಗಡಿಯಾರ ರಿಪೇರಿ ಮಾಡುವವರು. ಮಾತು ಕಡಿಮೆ, ಅವಸರ ಇನ್ನೂ ಕಡಿಮೆ.

ಗೋಳೆಲ್ಲ ಇಳಿಯುವಾಗ. ವಿಮಾನ ನೆಲಕ್ಕೆ ತಾಗಿ ಒಂದಿಷ್ಟು ಪುಟಿಯುವುದು; ಕಲಿಯುವವರಿಗೆಲ್ಲ ಆಗುವುದೇ. ಆದರೆ ಗುರುಪಾದಯ್ಯನವರು ಪುಟಿದ ಕ್ಷಣವೇ ಅದನ್ನು ನೆಲಕ್ಕೆ ಕೂರಿಸಿಬಿಡಬೇಕೆಂದು ಹಿಡಿಕೆಯನ್ನು ಮುಂದಕ್ಕೆ ಒತ್ತುವರು. ಮೂಗಿನ ಗಾಲಿ ನೆಲಕ್ಕೆ ಬಡಿದು ವಿಮಾನ ಮೊದಲಿಗಿಂತ ಎತ್ತರ ಪುಟಿಯುವುದು. ಮತ್ತೆ ಒತ್ತುವರು, ಅದು ಮತ್ತೂ ಎತ್ತರ ಹಾರುವುದು. ಮೂರನೆಯದಕ್ಕೆ ಮೊದಲೇ ಸುರೈಯಾ ಹಿಡಿಕೆ ಕಸಿದುಕೊಂಡು ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೇಲೆ ಒಯ್ಯುವರು. ಬೇಲಿಯ ಆಚೆ ಕೂತ ನಾನು ಆ ಹಂಪನ್ನು ಕಣ್ಣೆದುರಿಗೇ ಕಾಣುತ್ತಿದ್ದೆ.

"ಕಾಕಾ," ಎನ್ನುತ್ತಿದ್ದರು ಸುರೈಯಾ ಕೆಳಗಿಳಿದ ಮೇಲೆ, "ಪುಟಿದಾಗ ಮೂಗು ಒತ್ತಬ್ಯಾಡ್ರಿ. ಸಣ್ಣದು ಪುಟೀತು ಅಂದ್ರ ಮೂಗು ಹೆಂಗೈತಿ ಹಂಗ ಹಿಡದು ಕುಂದರ್ರಿ, ಅದ ಇಳೀತೈತಿ. ದೊಡ್ಡದಾತು ಅಂದ್ರ ಪೂರಾ ರೇಸು ಕೊಟ್ಟು ಮ್ಯಾಲ ಹೋಗ್ರಿ. ಒಂದ ಸುತ್ತ ಹಾಕ್ಕೊಂಡು ಮತ್ತ ಬರ್ರಿ. ಇವತ್ತ ಇಳೀಲಿಲ್ಲಂದ್ರ ಯಾರೂ ಬೈಯಂಗಿಲ್ಲ."

"ಸುಮ್ನ ಹೆಂಗ ಕುಂದರ್ಲಿ ಮೇಡಂ, ನೆಲಾ ಮ್ಯಾಲ ಬರಾಕತ್ತಿರತೈತಿ."

"ನೆಲಾ ಎಲ್ಲೂ ಹೋಗಂಗಿಲ್ಲ ಕಾಕಾ. ನೀವು ಅದರ ಬೆನ್ನ ಹತ್ತಬ್ಯಾಡ್ರಿ."

ಡಿಸೆಂಬರ್ ಬಂದರೂ ಅವರು ಬೆನ್ನು ಹತ್ತುವುದನ್ನು ಬಿಡಲಿಲ್ಲ. ಅಯ್ನೋರ ವಿಮಾನ ಪುಟಿಯುತ್ತದೆಂಬ ಸುದ್ದಿ ಪೇಟೆಗೆ ಹೇಗೋ ಮುಟ್ಟಿತು. ಹೇಗೋ ಎಂದರೆ ನನ್ನಿಂದಲೇ. ಪಂಕ್ಚರ್ ಅಂಗಡಿಯವನು ಗಾಲಿಗೆ ಗಾಳಿ ಹೆಚ್ಚಾಗಿದೆ ಎಂದ. ಕಿರಾಣಿಯವನು ರನ್‌ವೇಗೆ ನೀರು ಹೊಡೆಯಬೇಕು ಎಂದ. ಅಂಗಡಿಗೆ ಹಗ್ಗ ಕೊಳ್ಳಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋಗುತ್ತಿದ್ದರು, ಗುರುಪಾದಯ್ಯನವರು ಪ್ರತಿಯೊಂದನ್ನೂ ಎದ್ದು ನಿಂತು ಕೇಳುತ್ತಿದ್ದರು. ಆದರೆ ನಿಜವಾದ ಅನಾಹುತ ಬಿಜ್ಜರಗಿಯಿಂದ ಬಂತು.

ಬಿಜ್ಜರಗಿ ಸೌಭಾಗ್ಯಕ್ಕನ ತವರು. ಅಲ್ಲಿ ಅವರ ತಾಯಿ ಮುರಿಗೆವ್ವ ಎಪ್ಪತ್ತೆಂಟನೆಯ ವಯಸ್ಸಿನಲ್ಲೂ ದ್ರಾಕ್ಷಿ ತೋಟ, ಕುರಿ, ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಚಾಲಕ ಮಾಳು, ಎಲ್ಲವನ್ನೂ ಒಂದೇ ದನಿಯಲ್ಲಿ ನಡೆಸುತ್ತಾರೆ. ಸಂಕ್ರಾಂತಿಗೆ ಕರೆಯಲು ನನ್ನನ್ನೂ ಕರೆದುಕೊಂಡು ಹೋದಾಗ ಅಳಿಯ ತನ್ನ ಕಷ್ಟ ಹೇಳಿಕೊಂಡರು. ಮಾಳು ಕೇಳಿ ನಕ್ಕ.

"ಅಯ್ನೋರ, ಇದರಾಗ ಕಲಿಯೂದೇನೈತ್ರಿ? ಟ್ರೇಲರ್ ಖಾಲಿ ಇದ್ರ ಪುಟಿತೈತಿ. ಹೇರು ಇದ್ರ ಕುಂದರತೈತಿ. ನಿಮ್ಮ ವಿಮಾನ ಖಾಲಿ ಐತಿ."

ಇದು ಎಷ್ಟು ಸರಳವಾಗಿತ್ತೆಂದರೆ ನಾವಿಬ್ಬರೂ ಕೂಡಲೇ ತಲೆಯಾಡಿಸಿದೆವು. ಮುರಿಗೆವ್ವ ಮಾತ್ರ, "ಹೊಡದು ತೋರಸೋ ಮಾಳ್ಯಾ," ಎಂದರು.

ತಕ್ಷಣ ಪ್ರಯೋಗ ಏರ್ಪಟ್ಟಿತು. ಮೊದಲು ಖಾಲಿ ಟ್ರೇಲರಿನಲ್ಲಿ ಗುರುಪಾದಯ್ಯನವರನ್ನೂ ನನ್ನನ್ನೂ ಕೂರಿಸಿ ಮಾಳು ತೋಟದ ಹಾದಿಯಲ್ಲಿ ಹೊಡೆದ. ನನ್ನ ಕನ್ನಡಕ ಎಲ್ಲಿ ಬಿತ್ತೆಂದು ಈಗಲೂ ಗೊತ್ತಿಲ್ಲ. ಆಮೇಲೆ ಹತ್ತು ಚೀಲ ಜೋಳ ಹೇರಿ, ಅದರ ಮೇಲೆ ಮುರಿಗೆವ್ವನೇ ಹತ್ತಿ ಕೂತು ಅದೇ ಹಾದಿಯಲ್ಲಿ ಹೋಗಿಬಂದರು. "ನೋಡ್ರಿ ಅಳ್ಯಾರ," ಎಂದರು ಇಳಿಯುತ್ತ, "ನನ್ನ ಬಾಯಾಗಿನ ಎಲಿ ಸೈತ ಅಳ್ಳಾಡಿಲ್ಲ." ಈ ಪ್ರಯೋಗವನ್ನು ನಾನು ಖುದ್ದು ಸ್ಥಳದಲ್ಲಿ ಹಾಜರಿದ್ದು ಪರಿಶೀಲಿಸಿದ್ದೇನೆ. ಅದರಲ್ಲಿ ತಪ್ಪು ಎಲ್ಲಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಕನ್ನಡಕವೂ ಇರಲಿಲ್ಲ.

ಮುರಿಗೆವ್ವ ಅಷ್ಟಕ್ಕೆ ಬಿಡುವವರಲ್ಲ. "ನೀವು ಒಬ್ಬರ ಹಾರೂ ದಿನ ಆ ಮಾಸ್ತರಣಿ ಜೋಡಿ ಇರತಾಳೇನ್ರಿ?" ಎಂದು ಕೇಳಿದರು.

"ಇಲ್ಲರಿ ಅತ್ತಿ, ಇಳದು ಹೋಗ್ತಾರ."

"ಆಕಿ ಎಷ್ಟ ತೂಕ ಅದಾಳ?"

"ಐವತ್ತು ಕಿಲೋ ಇರಬೇಕ್ರಿ."

"ಅಂದ್ರ ಇದ್ದ ಹೇರೂ ಐವತ್ತು ಕಿಲೋ ಕಡಿಮಿ ಆತು. ಮೊದಲ ಪುಟಿಯೂ ಗಾಡಿ, ಅವತ್ತ ಮುಗದ ಹೋತು." ಮುರಿಗೆವ್ವ ಎದ್ದು ಒಳಗಿನ ಕೋಣೆಯ ಕಡೆ ಕೈ ಮಾಡಿದರು. "ಮಾಸ್ತರಣಿ ಜಾಗಾಕ ಐವತ್ತು ಕಿಲೋ ಜೋಳಾ ಇಡ್ರಿ. ನಮ್ಮ ಹೊಲದವ. ಗಟ್ಟಿ ಕಾಳು."

ವಾಪಸು ಬರುವಾಗ, ಸುರೈಯಾ ಅವರನ್ನು ಒಂದು ಮಾತು ಕೇಳಬಹುದಲ್ಲ ಎಂದೆ. "ಕೇಳಿದ್ರ ಬ್ಯಾಡ ಅಂತಾರಲ್ರಿ," ಎಂದರು ಗುರುಪಾದಯ್ಯನವರು.

ಜನವರಿಯ ಕೊನೆಯ ರವಿವಾರ ಬೆಳಗಾಯಿತು. ಬಿಜ್ಜರಗಿಯ ಅರ್ಧ ಊರು ಅದೇ ಟ್ರೇಲರಿನಲ್ಲಿ ಬಂದು ಬೇಲಿಯುದ್ದಕ್ಕೂ ಸಾಲುಗಟ್ಟಿ ನಿಂತಿತು. ಜೋರಾಪುರ ಪೇಟೆಯಿಂದ ಬಂದವರು ಗುರುಪಾದಯ್ಯನವರ ಫೋಟೋದ ಬ್ಯಾನರು ಕಟ್ಟಿದರು. ಸೌಭಾಗ್ಯಕ್ಕ ಸಿಕಂದರನ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಡಬ್ಬಿ. ಅದೇ ಡಬ್ಬಿ, ನೆಗ್ಗಿದ ಗುರುತು ಹಾಗೇ ಇದೆ. ತುಂಬ ಶೇಂಗಾ ಹೋಳಿಗೆ. ಯಾರೋ ಒಬ್ಬರು ಕೈಚಾಚಿದರೆ, "ಅವರು ಇಳದ ಮ್ಯಾಲ," ಎಂದು ಎದೆಗವಚಿ ಹಿಡಿದರು. ಅವರ ಬೆರಳುಗಳು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒತ್ತುತ್ತಲೇ ಇದ್ದವು.

ಅದಕ್ಕೆ ಮೊದಲೇ, ಜನ ಬರುವ ಮುಂಚೆ, ಮಾಳು ಮತ್ತು ಇನ್ನೊಬ್ಬ ಗೃಹಸ್ಥ ಹೊಸ ತಾಡಪತ್ರಿಯಲ್ಲಿ ಸುತ್ತಿದ ಒಂದು ವಸ್ತುವನ್ನು ಕಾವಲುಗಾರನ ಕಣ್ಣೆದುರೇ ಹೊತ್ತು ಒಳಗೆ ಒಯ್ದಿದ್ದರು. ಆ ಇನ್ನೊಬ್ಬ ಗೃಹಸ್ಥ ನಾನು. ಚೀಲವನ್ನು ವಿಮಾನದ ಹಿಂದಿನ ಸೀಟಿನ ಮೇಲೆ ಕೂರಿಸಿ, ಮಾಳು ಅದಕ್ಕೆ ಬೆಲ್ಟು ಹಾಕಿದ. ಒಳ್ಳೆಯ ಕೆಲಸಕ್ಕೆ ಹೊರಟ ಚೀಲವೆಂದು ಮುರಿಗೆವ್ವ ಮನೆಯಲ್ಲೇ ಅದಕ್ಕೆ ವಿಭೂತಿ ಬಳಿದು ಮೇಲೊಂದು ಕುಂಕುಮದ ಬೊಟ್ಟು ಇಟ್ಟು ಕಳಿಸಿದ್ದರು.

ಸುರೈಯಾ ಹಾರುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಬರುತ್ತಾರೆ. ರೆಕ್ಕೆ ನೋಡಿದರು, ಗಾಲಿ ನೋಡಿದರು, ಎಣ್ಣೆ ನೋಡಿದರು. ಬಾಲದ ಹತ್ತಿರ ಬಂದು ನಿಂತು ಸ್ವಲ್ಪ ಹೊತ್ತು ಬಗ್ಗಿ ನೋಡಿದರು. ಆಮೇಲೆ ಕಿಟಕಿಯಲ್ಲಿ ಇಣುಕಿದರು.

"ಕಾಕಾ, ಹಿಂದ ಯಾರೋ ಕುಂತಾರ," ಎಂದರು.

"ಜೋಳಾರಿ ಮೇಡಂ," ಎಂದರು ಗುರುಪಾದಯ್ಯನವರು. ನಿಜ ಹೇಳಿದ್ದು ತಪ್ಪಾಯಿತೆನಿಸಿ, "ಅಂದ್ರ, ಪ್ರಸಾದ," ಎಂದರು. ಐವತ್ತು ಕಿಲೋ ಪ್ರಸಾದ ಹೆಚ್ಚಾಯಿತೆನಿಸಿ, "ಪರಸಪ್ಪರದು," ಎಂದರು.

ಸುರೈಯಾ ನನ್ನ ಕಡೆ ನೋಡಿದರು. ಇಲಾಖೆಯ ಮೂವತ್ತೊಂದು ವರ್ಷದಲ್ಲಿ ಎಂತೆಂಥ ಅಧಿಕಾರಿಗಳ ವಿಚಾರಣೆ ಎದುರಿಸಿದ್ದೇನೆ. ಅಂದು ಮಾತ್ರ ಎಲ್ಲವನ್ನೂ ಒಪ್ಪಿಕೊಂಡೆ. ಟ್ರೇಲರ್, ಹತ್ತು ಚೀಲ, ಮುರಿಗೆವ್ವನ ಬಾಯಿಯ ಎಲೆ, ಎಲ್ಲ ಹೇಳಿದೆ.

"ಚೀಲಾ ಇಳಸ್ರಿ," ಎಂದರು ಸುರೈಯಾ. "ಇವತ್ತ ಕಾಕಾ ಒಬ್ಬರ ಹಾರೂದು ಇಲ್ಲ."

ಈ ಮಾತು ಬೇಲಿಗೆ ಮುಟ್ಟಿದಾಗ ದೊಡ್ಡ ಗದ್ದಲವಾಯಿತು. ಬ್ಯಾನರು ಕಟ್ಟಿದವರು ಬ್ಯಾನರು ಬಿಚ್ಚಬೇಕೋ ಬೇಡವೋ ಎಂದು ಜಗಳಾಡಿದರು. ಮುರಿಗೆವ್ವ ತಂತಿ ಹಿಡಿದು, "ಏ ಮಾಸ್ತರಣಿ, ಹೇರು ಇಲ್ದ ಗಾಡಿ ಕುಂದರೂದು ಹೆಂಗವಾ?" ಎಂದು ಕೂಗಿದರು. ಸುರೈಯಾ ಸಿಟ್ಟಾಗಲಿಲ್ಲ. ಬೇಲಿಯ ಹತ್ತಿರವೇ ನಡೆದು ಬಂದರು.

"ಅಜ್ಜಿ, ಟ್ರೇಲರಿನ್ಯಾಗ ಎಲ್ಲಾ ಚೀಲಾ ಹಿಂದಿನ ತುದಿಗೆ ಹೇರಿದ್ರ ಏನಾಗತೈತ್ರಿ?"

"ಮುಂದಿಂದು ಮ್ಯಾಲ ಏಳತೈತಿ. ಅಷ್ಟೂ ತಿಳಿಯಂಗಿಲ್ಲೇನ್ ನನಗ?"

"ಆ ಬೆಲ್ಟ್ ಮನಷಾರಿಗೆ ಮಾಡಿದ್ದು. ಚೀಲಾ ಅದರಾಗ ನಿಂದರಂಗಿಲ್ಲ. ಮ್ಯಾಲ ಏರೂವಾಗ ಬಾಲದ ಕಡೆ ಜಾರಿತಂದ್ರ ಇದರ ಮುಂದಿಂದೂ ಎದ್ದ ನಿಂದರತೈತಿ. ಆದ್ರ ಇದು ನಿಂದರೂದು ಆಕಾಶದಾಗ."

ಮುರಿಗೆವ್ವ ಎಲೆ ಅಗಿಯುವುದನ್ನು ನಿಲ್ಲಿಸಿದರು. ಮೊದಲು ಸುರೈಯಾಳನ್ನು, ಆಮೇಲೆ ಮಗಳನ್ನು, ಆಮೇಲೆ ದೂರದಲ್ಲಿ ನಿಂತ ಅಳಿಯನನ್ನು ನೋಡಿದರು. "ಮಾಳ್ಯಾ, ಚೀಲಾ ಇಳಸೋ ಮೊದಲ," ಎಂದರು.

ನಾವು ಚೀಲ ಇಳಿಸುವಾಗ ಗುರುಪಾದಯ್ಯನವರು ಮಾತಾಡಲು ಬಾಯಿ ತೆರೆದರು. ಜನರಿಗೆ ಸಮಜಾಯಿಷಿ ಕೊಡಲು ಟ್ರೇಲರಿನ ಕಡೆ ಹೊರಟರು. ಅದರ ಮೇಲೆ ಹತ್ತಿ ಭಾಷಣ ಮಾಡುವ ಲಕ್ಷಣ ನನಗೆ ಕಂಡಿತು. ಬೇಲಿಯ ಆಚೆಯಿಂದ ಸೌಭಾಗ್ಯಕ್ಕ ಮೆಲ್ಲಗೆ ಎಂದರು, "ರೀ, ಬಿಡ್ರಿ. ಆಗಿದ್ದಾತು. ಅದಕ್ಕೇನೂ ಮಾಡಬ್ಯಾಡ್ರಿ."

ಅವರು ನಿಂತರು. ಕೈ ಬಟ್ಟೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆದರೆ ಬಾಯಿ ಮುಚ್ಚಿದರು. ಇಪ್ಪತ್ತೈದು ವರ್ಷದ ನೆರೆಯವನಾಗಿ ಹೇಳುತ್ತೇನೆ, ಅದನ್ನು ನಾನು ಮೊದಲ ಸಲ ನೋಡಿದ್ದು.

ಸುರೈಯಾ ಕೂಡ ನೋಡುತ್ತಿದ್ದರು. "ಕಾಕಾ, ಪುಟಿದ್ರ ಏನ ಮಾಡ್ತೀರಿ?"

ಗುರುಪಾದಯ್ಯನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಏನೂ ಮಾಡಂಗಿಲ್ಲರಿ," ಎಂದರು.

"ಹತ್ರಿ. ನಾ ಜೋಡಿ ಬರ್ತೇನಿ. ಮೂರು ಸಲ ಇಳಸ್ರಿ, ಆಮ್ಯಾಲ ನೋಡೂಣು."

ಮೂರು ಸಲ ಇಳಿಸಿದರು. ಒಮ್ಮೆ ಪುಟಿಯಿತು, ಆದರೆ ಒಂದೇ ಸಲ. ಮೂರನೆಯ ಸಲ ವಿಮಾನ ರನ್‌ವೇಯ ತುದಿಗೆ ಬಂದು ನಿಂತಾಗ ಬಾಗಿಲು ತೆರೆಯಿತು. ಸುರೈಯಾ ಇಳಿದು, ಬಾಗಿಲು ಹಾಕಿ, ಹಿಂದೆ ನೋಡದೆ ನಮ್ಮ ಕಡೆ ನಡೆದು ಬಂದರು. ವಿಮಾನದಲ್ಲಿ ಈಗ ಗುರುಪಾದಯ್ಯನವರು ಒಬ್ಬರೇ.

ವಿಮಾನ ಹೊರಟಿತು. ಎಂದಿಗಿಂತ ಬೇಗ ನೆಲ ಬಿಟ್ಟು ಎದ್ದಿತು. "ಹಗೂರ ಆತು ನೋಡ್ರಿ," ಎಂದ ಮಾಳು. ಅದು ಬಬಲೇಶ್ವರದ ಕಡೆ ತಿರುಗಿ, ಸುತ್ತು ಹಾಕಿ, ತಿಕೋಟಾದ ಕಡೆಯಿಂದ ಇಳಿಯಲು ಬಂತು. ಮಡ್ಡಿಯ ಮೇಲೆ ಆಗಲೇ ಗಾಳಿ ಎದ್ದಿತ್ತು. ಗಾಲಿ ನೆಲಕ್ಕೆ ಬಡಿದ ಸಪ್ಪಳ ನಮಗೆ ಕೇಳಿಸಿತು. ವಿಮಾನ ಆಳೆತ್ತರ ಪುಟಿಯಿತು.

ನಾನು ಕಣ್ಣು ಮುಚ್ಚಿದೆ. ಮುಂದೆ ಮೂಗು ಒತ್ತುತ್ತಾರೆ, ಮೂಗಿನ ಗಾಲಿ ಮುರಿಯುತ್ತದೆ, ಹೋಳಿಗೆ ಪೇಟೆಯ ತುಂಬ ಆಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಕೇಳಿಸಿದ್ದು ಎಂಜಿನ್ನಿನ ಗರ್ಜನೆ. ಕಣ್ಣು ತೆರೆದರೆ ವಿಮಾನ ನಮ್ಮ ತಲೆಯ ಮೇಲಿಂದ ಹಾದು ಮತ್ತೆ ಆಕಾಶಕ್ಕೆ ಹೋಗುತ್ತಿದೆ.

"ಅಳ್ಯಾ ಓಡಿ ಹೋದ," ಎಂದರು ಮುರಿಗೆವ್ವ. ಬಿಜ್ಜರಗಿಯ ಜನ ಒಂದೇ ಸಮನೆ ಮಾತಾಡತೊಡಗಿದರು. ಇಳಿಯಲು ಬರುವುದಿಲ್ಲ, ಎಣ್ಣೆ ಮುಗಿಯುವವರೆಗೆ ಸುತ್ತುತ್ತಾರೆ ಎಂದರು. ಒಬ್ಬ ತೋಟಕ್ಕೆ ಕಟ್ಟುವ ಬಲೆ ತರಿಸೋಣವೆಂದ. ಮಾಳು ಟವೆಲ್ ಬಿಚ್ಚಿ, ಟ್ರ್ಯಾಕ್ಟರು ಹಿಂದಕ್ಕೆ ತೆಗೆಸುವಾಗ ಮಾಡುವಂತೆ, "ಬರ್ಲಿ, ಬರ್ಲಿ, ಬಲಕ್ಕ" ಎಂದು ಆಕಾಶಕ್ಕೆ ಬೀಸತೊಡಗಿದ. ಸೌಭಾಗ್ಯಕ್ಕ ಮಾತ್ರ ಸುರೈಯಾಳ ಪಕ್ಕಕ್ಕೆ ಬಂದು ನಿಂತರು.

"ಮತ್ತ ತಪ್ಪ ಮಾಡಿದ್ರೇನವಾ?"

"ಇಲ್ಲ ಕಾಕು," ಎಂದರು ಸುರೈಯಾ, ಕಣ್ಣು ಆಕಾಶದಲ್ಲೇ ಇಟ್ಟು. "ಪುಟಿದ ಮ್ಯಾಲ ಹೆಂಗ ಮಾಡಬೇಕೋ, ಇದ ಮೊದಲ್ನೇ ಸಲ ಹಂಗ ಮಾಡ್ಯಾರ."

ಎರಡನೆಯ ಸಲ ಬಂದರು. ತಾಗಿತು. ಒಂದು ಮೊಳದಷ್ಟು ಪುಟಿಯಿತು. ಮೂಗು ಕೆಳಗೆ ಹೋಗಲಿಲ್ಲ, ಮೇಲೂ ಹೋಗಲಿಲ್ಲ. ಇದ್ದ ಹಾಗೇ ಇತ್ತು. ವಿಮಾನ ಮೆಲ್ಲಗೆ ನೆಲಕ್ಕೆ ಕೂತು ಓಡಿತು. ಎಷ್ಟು ಮೆಲ್ಲಗೆಂದರೆ ಚಪ್ಪಾಳೆ ತಟ್ಟಬೇಕಾದ ಹೊತ್ತು ಜನರಿಗೆ ತಪ್ಪಿಹೋಯಿತು.

ಗುರುಪಾದಯ್ಯನವರು ಇಳಿದು ಬಂದರು. ಕೈಕಾಲು ನೆಟ್ಟಗಿದ್ದವು. ಹೆಂಡತಿಯ ಎದುರು ಬಂದು ನಿಂತರು. ಈ ದಿನಕ್ಕೆಂದು ಅವರು ತಯಾರು ಮಾಡಿದ ಮಾತುಗಳನ್ನು ನನಗೆ ಎಂಟು ತಿಂಗಳಿಂದ ಕೇಳಿಸುತ್ತಿದ್ದರು. ನಾನು ಕಾದೆ. ಒಂದೂ ಬರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ತಲೆಯಾಡಿಸಿದರು ಅಷ್ಟೇ. ಕೈಯನ್ನು ತಡೆಹಿಡಿಯಲು ನಾಲಿಗೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದರಂತೆ. ಮೊದಲನೆಯ ಸಲ ಪುಟಿದಾಗ ಹಲ್ಲು ಪೂರ್ತಿ ಇಳಿದಿತ್ತು. ಆ ಹಲ್ಲಿಗೆ ನಮ್ಮ ಓಣಿ ಋಣಿಯಾಗಿದೆ.

ಸೌಭಾಗ್ಯಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಆಮೇಲೆ ಸಿಕಂದರನ ಕಡೆ ತಿರುಗಿ, "ಸಿಕಂದರ, ಇವತ್ತ ಪರಸಪ್ಪ ಅಣ್ಣಾರನ ಕರಕೊಂಡ ಬಾಪ್ಪಾ," ಎಂದರು. ಗಂಡನಿಗೆ, "ಸ್ಕೂಟರ್ ತಗೀರಿ," ಎಂದರು. ಹದಿನಾಲ್ಕು ವರ್ಷದ ಬಾಡಿಗೆ ತಪ್ಪಿಹೋದರೂ ಸಿಕಂದರನ ಮುಖದಲ್ಲಿ ನಗೆ ನಿಲ್ಲಲಿಲ್ಲ. ಅಳಿಯನಿಗೆಂದು ತಂದದ್ದನ್ನು ವಾಪಸು ಒಯ್ಯಬಾರದೆಂದು ಮುರಿಗೆವ್ವ ಜೋಳದ ಚೀಲವನ್ನು ಆಟೋದಲ್ಲಿ ನನ್ನ ಪಕ್ಕ ಹಾಕಿಸಿದರು. ಅಳಿಯ ಇಳಿದದ್ದು ಚೀಲಕ್ಕೆ ಬಳಿದ ವಿಭೂತಿಯಿಂದಲೇ ಎಂದು ಅವರು ಈಗಲೂ ನಂಬಿದ್ದಾರೆ.

ಹೀಗೆ ಮುಂದೆ ಸ್ಕೂಟರು, ಹಿಂದೆ ಆಟೋ ಹೊರಟೆವು. ಇಪ್ಪತ್ತು ಕಿಲೋಮೀಟರು ಗುರುಪಾದಯ್ಯನವರು ಹಿಂದೆ ತಿರುಗಲಿಲ್ಲ. ಜೋರಾಪುರ ಪೇಟೆ ಬಂತು, ನಮ್ಮ ಓಣಿಯ ಬಾಯಿ ಬಂತು, ಹಂಪ್ ಕಂಡಿತು. ಸ್ಕೂಟರು ನಿಧಾನವಾಯಿತು. ಅವರ ಎಡಗಾಲು ಹಳೆಯ ರೂಢಿಯಂತೆ ನೆಲಕ್ಕೆ ಇಳಿಯಲು ಹೊರಟಿದ್ದನ್ನು ನಾನು ಆಟೋದಿಂದ ಸ್ಪಷ್ಟವಾಗಿ ಕಂಡೆ.

"ನಿಂದರಸಬ್ಯಾಡ್ರಿ. ನಡೀರಿ," ಎಂದರು ಸೌಭಾಗ್ಯಕ್ಕ.

ಸ್ಕೂಟರು ಹಂಪ್ ಏರಿತು. ಪುಟಿಯಿತು. ಹಿಂದಿನ ಕೆಂಪು ದೀಪ ಹತ್ತಲಿಲ್ಲ. ಅಂದರೆ ಅವರು ಬ್ರೇಕು ಮುಟ್ಟಲಿಲ್ಲ. ಹ್ಯಾಂಡಲ್ಲು ನೆಟ್ಟಗೇ ಇತ್ತು. ಸ್ಕೂಟರು ತಾನಾಗಿ ನೆಲಕ್ಕೆ ಕೂತು ಮುಂದೆ ಹೋಯಿತು. ಸೌಭಾಗ್ಯಕ್ಕ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಗಂಡನ ಹೆಗಲ ಮೇಲೆ ಇಟ್ಟಿದ್ದರು.

ಅದನ್ನೇ ನೋಡುತ್ತಿದ್ದ ಸಿಕಂದರ ಹಂಪ್ ಮರೆತ. ಆಟೋ ಪುಟಿಯಿತು, ಚೀಲ ಪುಟಿಯಿತು, ಪುಟಿದ ಚೀಲ ನನ್ನ ಕಾಲಿನ ಮೇಲೆ ಕೂತಿತು. ಹೇರು ಇದ್ದ ಗಾಡಿ ಪುಟಿಯುವುದಿಲ್ಲ ಎಂಬ ಬಿಜ್ಜರಗಿಯ ಸಿದ್ಧಾಂತದ ಬಗ್ಗೆ ನನ್ನ ಲಿಖಿತ ಆಕ್ಷೇಪಣೆ ಇದೇ. ಕುಂಟುತ್ತ ಅವರ ಬಾಗಿಲಿಗೆ ಹೋದೆ. ಸೌಭಾಗ್ಯಕ್ಕ ಕಟ್ಟೆಯ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಗುರುಪಾದಯ್ಯನವರು ಪಕ್ಕದಲ್ಲಿ ನಿಂತು, ಉಸಿರು ಬಿಗಿಹಿಡಿದು, ಒಳಗೆ ಇಣುಕುತ್ತಿದ್ದರು. ನಾನೂ ಇಣುಕಿದೆ. ಒಂದು ಹೋಳಿಗೆಯೂ ಮುರಿದಿರಲಿಲ್ಲ.